ಭಾವ ಬತ್ತಿದ ದಿನದ ಪ್ರಾರ್ಥನೆ

ಕ್ರೈಸ್ತ ನಂಬಿಕೆ ಒಂದು ಮತವಲ್ಲ, ದೇವರ ಜೊತೆಗಿನ ಸಂಬಂಧ ಎಂಬ ಮಾತನ್ನು ಉಜ್ಜೀವನ ಕೂಟಗಳಲ್ಲಿ, ಯುವಜನರ ಶಿಬಿರಗಳಲ್ಲಿ, ಮನೆ ಪ್ರಾರ್ಥನೆಗಳಲ್ಲಿ ಕೇಳದವರು ಈಗ ಕಡಿಮೆ. ಮಾತಿನಲ್ಲಿ ಸತ್ಯವಿದೆ. ಆದರೆ ಅದರ ಬೆನ್ನಿಗೆ ಅಂಟಿಕೊಂಡು ಇನ್ನೊಂದು ಮಾತು ಒಳಗೆ ಬರುತ್ತದೆ, ಅದನ್ನು ಯಾರೂ ಬಿಡಿಸಿ ನೋಡುವುದಿಲ್ಲ. ಸಂಬಂಧವೆಂದ ಮೇಲೆ ಅದು ಹೃದಯದಿಂದ ತಾನಾಗಿ ಉಕ್ಕಬೇಕು. ಯಾರೋ ಬರೆದಿಟ್ಟ ಪ್ರಾರ್ಥನೆ, ಗೊತ್ತುಮಾಡಿದ ಹೊತ್ತು, ದಿನವೂ ಅದೇ ಪದಗಳು, ಇವೆಲ್ಲ ಬರಿಯ ಆಚರಣೆ. ದೇವರ ಸಾಮೀಪ್ಯ ಮನಸ್ಸಿಗೆ ತಟ್ಟಿದರೆ ಸಂಬಂಧ ಜೀವಂತ, ತಟ್ಟದಿದ್ದರೆ ಅದು ಸತ್ತಂತೆ. ಈ ಎರಡನೆಯ ಮಾತು ಮೊದಲನೆಯದರಿಂದ ಹುಟ್ಟುವುದಿಲ್ಲ ಎಂಬುದು ನನ್ನ ವಾದ. ಅಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಅದು ಮೊದಲನೆಯ ಮಾತನ್ನೇ ಒಳಗಿನಿಂದ ಕೊರೆದುಹಾಕುತ್ತದೆ, ಪ್ರಾಮಾಣಿಕರಾದವರನ್ನೇ ಹೆಚ್ಚು ನೋಯಿಸುತ್ತದೆ. ಆದ್ದರಿಂದ ಸುಮ್ಮನಿರಲಾಗದು.

ಮೊದಲು ಆ ನಿಲುವಿಗೆ ಸಲ್ಲಬೇಕಾದ ನ್ಯಾಯ ಸಲ್ಲಿಸೋಣ. ಅದು ಬಾಯಿಗೆ ಬಂದಂತೆ ಹುಟ್ಟಿದ ಮಾತಲ್ಲ. ಜನರು ತುಟಿಯಿಂದ ಹತ್ತಿರ ಬರುತ್ತಾರೆ, ಹೃದಯ ಮಾತ್ರ ದೂರ ಇದೆ ಎಂದು ಯೆಶಾಯ ಪ್ರವಾದಿ ದೂರಿದ್ದು ಆರಾಧನೆ ಸಾಂಗವಾಗಿ ನಡೆಯುತ್ತಿದ್ದ ದೇವಾಲಯದ ಬಗ್ಗೆಯೇ. ಆಮೋಸನಂತೂ ಹಬ್ಬಗಳನ್ನೂ ಹಾಡುಗಳನ್ನೂ ದೇವರೇ ತಳ್ಳಿಹಾಕುವುದನ್ನು ಸಾರಿದ. ನ್ಯಾಯ ಹರಿಯದ ಊರಿನಲ್ಲಿ ಸಂಗೀತಕ್ಕೆ ಬೆಲೆಯಿಲ್ಲ ಎಂದ. ಆಮೇಲಿನ ಚರಿತ್ರೆಯೂ ಅದೇ ಪಾಠ ಹೇಳುತ್ತದೆ. ಜರ್ಮನಿಯ ಲೂಥರನ್ ಸಭೆಗಳಲ್ಲಿ ಸಿದ್ಧಾಂತದ ಜಗಳ ಹೆಚ್ಚಿ ಭಕ್ತಿ ಒಣಗುತ್ತಿದೆ ಎಂದು 1675ರಲ್ಲಿ ಫಿಲಿಪ್ ಯಾಕೋಬ್ ಸ್ಪೇನರ್ ಬರೆದಾಗ ಪಯಟಿಸಂ ಎಂಬ ಭಕ್ತಿ ಚಳವಳಿಗೆ ದಾರಿಯಾಯಿತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ ಆ ಚಳವಳಿಯ ಕೂಸು. ಇನ್ನು ನಿತ್ಯದ ಅನುಭವವೂ ಇದೆ. ಸಂಜೆ ಮನೆಯಲ್ಲಿ ಜಪಸರ ಹೇಳುವಾಗ ನಿದ್ದೆಗಣ್ಣಿನಲ್ಲಿ ಬಾಯಿ ಮಾತ್ರ ಆಡಿಸಿದ ಬಾಲ್ಯ ಎಷ್ಟೋ ಜನರಿಗೆ ನೆನಪಿರುತ್ತದೆ. ಅಂಥವರಿಗೆ ದೊಡ್ಡವರಾದ ಮೇಲೆ ಯಾರಾದರೂ, ನಿನ್ನ ಮಾತಿನಲ್ಲೇ ದೇವರೊಂದಿಗೆ ಮಾತಾಡಬಹುದು ಎಂದಾಗ ಕಿಟಕಿ ತೆರೆದಂತೆ ಆಗಿದ್ದರೆ ಅದು ಸುಳ್ಳು ಅನುಭವವಲ್ಲ. ಕ್ರೈಸ್ತನಾದವನು ದೇವರನ್ನು ತಂದೆ ಎಂದು ಕರೆಯುತ್ತಾನೆ. ತಂದೆಯ ಮುಂದೆ ಕಾಗದ ನೋಡಿ ಓದುವ ಮಗ ಎಲ್ಲಿದ್ದಾನೆ ಎಂದು ಅವರು ಕೇಳಿದರೆ ಆ ಪ್ರಶ್ನೆಗೆ ತೂಕವಿದೆ.

ಆದರೆ ಈ ನಿಲುವು ಯಾರನ್ನು ತನ್ನ ಹಿರಿಯರೆಂದು ಹೇಳಿಕೊಳ್ಳುತ್ತದೋ ಅವರ ಬದುಕನ್ನು ನೋಡಿದರೆ ಮೊದಲ ಗಂಟು ಸಡಿಲವಾಗುತ್ತದೆ. ಸ್ಪೇನರ್‌ನ ಹಾದಿಯಲ್ಲೇ ಬೆಳೆದ, ಜರ್ಮನಿಯ ಹೆರ್ನ್‌ಹುಟ್‌ನ ಮೊರೇವಿಯನ್ನರು ಹೃದಯದ ಧರ್ಮವನ್ನು ಎಲ್ಲರಿಗಿಂತ ಮಿಗಿಲಾಗಿ ಎತ್ತಿಹಿಡಿದವರು. ಅವರೇ ದಿನಕ್ಕೊಂದು ವಚನವನ್ನು ಚೀಟಿ ಎತ್ತಿ ಆರಿಸಿ, 1731ರಿಂದ ಪುಸ್ತಕವಾಗಿ ಅಚ್ಚುಹಾಕುತ್ತ ಬಂದರು. ಆ ಪದ್ಧತಿ ಇಂದಿಗೂ ನಿಂತಿಲ್ಲ. ಅಂದರೆ ಇವತ್ತು ಯಾವ ವಚನ ಧ್ಯಾನಿಸಬೇಕೆಂಬುದನ್ನು ಅವರು ತಮ್ಮ ಮನಸ್ಸಿನ ಹದಕ್ಕೆ ಬಿಡಲಿಲ್ಲ. ಮೆಥಡಿಸ್ಟ್ ಚಳವಳಿಯನ್ನು ಆರಂಭಿಸಿದ ಜಾನ್ ವೆಸ್ಲಿಯ ಕತೆ ಇನ್ನೂ ಸ್ಪಷ್ಟ. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ತನ್ನ ಹೃದಯ ಬೆಚ್ಚಗಾಯಿತೆಂದು ಅವನು ದಿನಚರಿಯಲ್ಲಿ ಬರೆದುಕೊಂಡದ್ದನ್ನು ಸಾವಿರ ಸಾಕ್ಷಿಗಳಲ್ಲಿ ಉದಾಹರಿಸುತ್ತಾರೆ. ಎಂಟು ತಿಂಗಳು ತುಂಬುವುದರೊಳಗೆ, 1739ರ ಜನವರಿಯಲ್ಲಿ, ತಾನು ಕ್ರೈಸ್ತನೇ ಅಲ್ಲ, ತನ್ನಲ್ಲಿ ಆ ಪ್ರೀತಿಯೂ ಸಂತೋಷವೂ ಇಲ್ಲ ಎಂದು ಅದೇ ದಿನಚರಿಯಲ್ಲಿ ಬರೆದದ್ದನ್ನು ಮಾತ್ರ ಯಾರೂ ಹೇಳುವುದಿಲ್ಲ. ಆ ನಡುವೆ ಅವನು ಮಾಡಿದ್ದೇನು? ಪ್ರಾರ್ಥನೆಯ ಹೊತ್ತು ಬಿಡಲಿಲ್ಲ, ಉಪವಾಸ ಬಿಡಲಿಲ್ಲ, ಪ್ರಭುಭೋಜನ ಬಿಡಲಿಲ್ಲ. ಮೆಥಡಿಸ್ಟ್ ಎಂಬ ಹೆಸರೇ ಆಕ್ಸ್‌ಫರ್ಡ್‌ನಲ್ಲಿ ಅವನ ಗೆಳೆಯರ ಗುಂಪಿನ ಅತಿಯಾದ ಕ್ರಮಬದ್ಧತೆಯನ್ನು ಕಂಡು ಜನ ಆಡಿಕೊಂಡ ಹೆಸರು. ಬೆಚ್ಚಗಾದ ಹೃದಯವನ್ನು ಜಗತ್ತಿಗೆ ಹಂಚಿದ ಚಳವಳಿ ವಿಧಾನದ ಹೆಸರನ್ನು ಹೊತ್ತುಕೊಂಡಿದೆ ಎಂಬುದನ್ನು ಮರೆತವರು ಅದರ ಅರ್ಧವನ್ನು ಮಾತ್ರ ಎತ್ತಿಕೊಂಡಿದ್ದಾರೆ.

ಇಲ್ಲಿರುವ ಮೊದಲ ಗೊಂದಲ ಸಂಬಂಧಕ್ಕೂ ಸಂಬಂಧದ ಭಾವಕ್ಕೂ ನಡುವಿನದು. ಸಂಬಂಧವಿರುವುದು ಇಬ್ಬರ ನಡುವೆ, ಭಾವವಿರುವುದು ನನ್ನೊಳಗೆ. ಜ್ವರ ಬಂದಾಗ, ನಿದ್ದೆಗೆಟ್ಟಾಗ, ಸಾಲಗಾರ ಬಾಗಿಲಲ್ಲಿ ನಿಂತಾಗ ಭಾವ ಇಳಿಯುತ್ತದೆ. ಇಳಿದ ಮಾತ್ರಕ್ಕೆ ಹೆಂಡತಿ ಹೆಂಡತಿಯಲ್ಲದೆ ಹೋಗುವುದಿಲ್ಲ, ಮಗ ಮಗನಲ್ಲದೆ ಹೋಗುವುದಿಲ್ಲ. ಭಾವವೇ ಸಂಬಂಧವಾಗಿದ್ದರೆ ನಿಷ್ಠೆ ಎಂಬ ಪದಕ್ಕೆ ಅರ್ಥವೇ ಇರುತ್ತಿರಲಿಲ್ಲ, ಏಕೆಂದರೆ ಭಾವ ಇಲ್ಲದ ಹೊತ್ತಿನಲ್ಲಿ ಮಾತ್ರ ನಿಷ್ಠೆಗೆ ಕೆಲಸವಿದೆ. ಕ್ರೈಸ್ತ ದೃಷ್ಟಿಯಲ್ಲಿ ಈ ಗೊಂದಲ ಇನ್ನೊಂದು ಕಾರಣಕ್ಕೆ ಗಂಭೀರವಾದದ್ದು. ಸುವಾರ್ತೆಯ ಪ್ರಕಾರ ಸಂಬಂಧವನ್ನು ಆರಂಭಿಸಿದವನು ದೇವರು, ಹಿಡಿದಿರುವ ಕೈ ಅವನದು. ನನಗೆ ಅನ್ನಿಸುವುದರ ಮೇಲೆ ಅದು ನಿಂತಿದೆ ಎಂದ ಕೂಡಲೇ ಕೃಪೆಯನ್ನು ಹಿಂಬಾಗಿಲಿನಿಂದ ಹೊರಗೆ ಕಳಿಸಿ ಆ ಜಾಗದಲ್ಲಿ ನನ್ನ ಮನಸ್ಸಿನ ಹವಾಮಾನವನ್ನು ಕೂರಿಸಿದಂತಾಯಿತು. ಕ್ರಿಯೆಗಳಿಂದ ರಕ್ಷಣೆಯಿಲ್ಲ ಎಂದು ಗಟ್ಟಿಯಾಗಿ ಸಾರುವ ಸಭೆಗಳೇ ಭಾವಗಳಿಂದ ರಕ್ಷಣೆ ಎಂಬಂತೆ ನಡೆದುಕೊಳ್ಳುವುದನ್ನು ಕಂಡು ನನಗೆ ನೋವಾಗುತ್ತದೆ.

ಭಾವವಿಲ್ಲದೆಯೂ ಸಂಬಂಧ ನಿಲ್ಲುತ್ತದೆ ಎಂಬುದಕ್ಕೆ ಒಂದು ಬದುಕನ್ನು ನೋಡಿದರೆ ಸಾಕು. ಕೋಲ್ಕತ್ತಾದ ಮದರ್ ತೆರೆಸಾ 1997ರಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ, 2007ರಲ್ಲಿ, ಅವರು ತಮ್ಮ ಆತ್ಮಿಕ ಗುರುಗಳಿಗೆ ಬರೆದ ಕಾಗದಗಳು ಅಚ್ಚಾದವು. ಅಲ್ಪಕಾಲದ ಒಂದು ಬಿಡುವನ್ನು ಬಿಟ್ಟರೆ ಸುಮಾರು ಐವತ್ತು ವರ್ಷ ಅವರಿಗೆ ದೇವರ ಇರವು ಅನುಭವಕ್ಕೆ ಬರಲಿಲ್ಲ, ಒಳಗೆ ಕತ್ತಲೆಯೇ ಇತ್ತು ಎಂದು ಲೋಕಕ್ಕೆ ಆಗ ತಿಳಿಯಿತು. ಆ ಐವತ್ತು ವರ್ಷವೂ ದಿನದ ಬಲಿಪೂಜೆ, ಜಪಸರ, ಬೀದಿಯಲ್ಲಿ ಬಿದ್ದವರ ಆರೈಕೆ ನಿಲ್ಲಲಿಲ್ಲ. ಭಾವವೇ ಅಳತೆಗೋಲಾದರೆ ಅವರಿಗೆ ದೇವರ ಜೊತೆ ಸಂಬಂಧವೇ ಇರಲಿಲ್ಲ ಎನ್ನಬೇಕು. ಹಾಗೆನ್ನಲು ಸಿದ್ಧರಿರುವವರು ಬೆರಳೆಣಿಕೆಯಷ್ಟೂ ಇರಲಾರರು. ಹಾಗಿದ್ದರೆ ಅಳತೆಗೋಲೇ ತಪ್ಪು.

ಇಲ್ಲಿ ಒಂದು ಬಲವಾದ ಆಕ್ಷೇಪ ಏಳುತ್ತದೆ. ಭಾವ ಬೇಡ ಎಂದರೆ ಕಪಟಿಗೂ ಸಂತನಿಗೂ ವ್ಯತ್ಯಾಸ ಹೇಗೆ? ಒಳಗೆ ನಿಜವಾಗಿಯೂ ಸತ್ತುಹೋದವನು ನಾನು ಕತ್ತಲೆಯಲ್ಲಿ ನಡೆಯುತ್ತಿದ್ದೇನೆ ಎಂದು ಹೇಳಿಕೊಂಡು ತಪ್ಪಿಸಿಕೊಳ್ಳಲಾರನೇ? ಈ ಪ್ರಶ್ನೆಯನ್ನು ಹದಿನಾರನೆಯ ಶತಮಾನದಲ್ಲೇ ಸ್ಪೇನಿನ ಕಾರ್ಮೆಲ್ ಸಭೆಯ ಶಿಲುಬೆಯ ಸಂತ ಯೋಹಾನ ಎದುರಿಸಿದ. ಆತ್ಮದ ಒಣಗುವಿಕೆ ದೇವರಿಂದ ಬಂದದ್ದೋ ನಮ್ಮ ಅಸಡ್ಡೆಯಿಂದ ಬಂದದ್ದೋ ಎಂದು ತಿಳಿಯಲು ಅವನು ಮೂರು ಗುರುತು ಕೊಡುತ್ತಾನೆ.

1. ದೇವರ ಸಂಗತಿಗಳಲ್ಲಿ ರುಚಿ ಹೋದಂತೆ ಲೋಕದ ಬೇರೆ ಸಂಗತಿಗಳಲ್ಲೂ ರುಚಿ ಸಿಕ್ಕುವುದಿಲ್ಲ. ಪ್ರಾರ್ಥನೆ ಬೇಸರವಾಗಿ ಹರಟೆ ಮಾತ್ರ ಸಿಹಿಯಾದರೆ ಕಾರಣ ಬೇರೆಯೇ ಇದೆ.

2. ನಾನು ದೇವರ ಸೇವೆಯಲ್ಲಿ ಹಿಂದೆ ಬಿದ್ದೆ ಎಂಬ ಕಳವಳ ಬಿಡದೆ ಕಾಡುತ್ತದೆ. ಸತ್ತದ್ದಕ್ಕೆ ಕಳವಳವಿಲ್ಲ.

3. ಮೊದಲಿನಂತೆ ಕಲ್ಪನೆಯನ್ನೂ ಯೋಚನೆಯನ್ನೂ ಬಳಸಿ ಧ್ಯಾನಿಸಲು ಎಷ್ಟು ಯತ್ನಿಸಿದರೂ ಆಗುವುದಿಲ್ಲ.

ಇವುಗಳಲ್ಲಿ ಒಂದೂ ದೇವರು ಹತ್ತಿರ ಇದ್ದಂತೆ ಅನ್ನಿಸುತ್ತದೆಯೇ ಎಂದು ಕೇಳುವುದಿಲ್ಲ. ಮನುಷ್ಯ ಯಾವ ಕಡೆಗೆ ಮುಖ ಮಾಡಿ ನಿಂತಿದ್ದಾನೆ ಎಂದು ಕೇಳುತ್ತವೆ. ಕಾರ್ಮೆಲಿನ ಗಾಳಿಯೂ ಸೋಕದ, ಅಮೆರಿಕದ ನಾರ್ಥಾಂಪ್ಟನ್ನಿನ ಪ್ರೊಟೆಸ್ಟೆಂಟ್ ಬೋಧಕ ಜೊನಾಥನ್ ಎಡ್ವರ್ಡ್ಸ್ ಹದಿನೆಂಟನೆಯ ಶತಮಾನದಲ್ಲಿ ಬೇರೆ ದಾರಿಯಿಂದ ಅದೇ ಜಾಗ ತಲುಪಿದ. ಅವನ ಕಣ್ಣ ಮುಂದೆಯೇ ದೊಡ್ಡ ಉಜ್ಜೀವನ ನಡೆದಿತ್ತು. ಜನ ಅತ್ತರು, ಕೂಗಿದರು, ಮೂರ್ಛೆ ಹೋದರು. ಅವನು ಆ ಉಜ್ಜೀವನದ ಪರವಾಗಿ ನಿಂತವನು, ಭಾವವಿಲ್ಲದ ಧರ್ಮ ಧರ್ಮವೇ ಅಲ್ಲ ಎಂದವನು. ಆದರೂ 1746ರ ತನ್ನ ದೊಡ್ಡ ಗ್ರಂಥದಲ್ಲಿ ಭಾವದ ತೀವ್ರತೆ ಒಂದರಿಂದ ಏನೂ ಸಿದ್ಧವಾಗದು ಎಂದು ತೋರಿಸಿ, ನಿಜವಾದ ಭಕ್ತಿಗೆ ಹನ್ನೆರಡು ಗುರುತುಗಳನ್ನು ಕೊಟ್ಟು, ಕೊನೆಯದಾಗಿ ಬಹಳ ವಿಸ್ತಾರವಾಗಿ ಇಟ್ಟದ್ದು ನಡೆಯನ್ನು, ಬದುಕಿನುದ್ದಕ್ಕೂ ನಿಲ್ಲುವ ಆಚರಣೆಯನ್ನು. ಭಾವವನ್ನು ಅಷ್ಟು ಪ್ರೀತಿಸಿದವನೇ ಹಾಗೆಂದ ಕಾರಣ ಅವನ ಮಾತನ್ನು ನಾನು ಹೆಚ್ಚು ನಂಬುತ್ತೇನೆ.

ಎರಡನೆಯ ಗೊಂದಲ ಪದಗಳದು. ನಾನೇ ಆ ಗಳಿಗೆಯಲ್ಲಿ ಕಟ್ಟಿದ ಮಾತು ನನ್ನದು, ಬೇರೆಯವರು ಬರೆದದ್ದು ನನ್ನದಲ್ಲ ಎಂದು ನಂಬುತ್ತೇವೆ. ನಮ್ಮ ಮನೆಗಳ ಒಂದು ಮಾತನ್ನು ತೆಗೆದುಕೊಳ್ಳಿ. ದೂರದ ಊರಿನಲ್ಲಿರುವ ಮಗ ಫೋನ್ ಮಾಡಿದರೆ ತಾಯಿ ಮೊದಲು ಕೇಳುವುದು 'ಊಟ ಆಯ್ತಾ?' ಎಂದು. ನಿನ್ನೆಯೂ ಅದನ್ನೇ ಕೇಳಿದ್ದಳು, ನಾಳೆಯೂ ಅದನ್ನೇ ಕೇಳುತ್ತಾಳೆ. ಆ ವಾಕ್ಯವನ್ನು ಅವಳು ಕಟ್ಟಿದ್ದಲ್ಲ. ಕನ್ನಡ ನಾಡೆಲ್ಲ ಆಡುವ ಸವೆದ ಮಾತು. ಉತ್ತರವೂ ಅವಳಿಗೆ ಗೊತ್ತು. ಆದರೆ ಒಂದು ದಿನ ಅವಳು ಅದನ್ನು ಕೇಳದೆ ಬಿಟ್ಟರೆ ಮಗನ ಎದೆ ಧಸಕ್ಕೆನ್ನುತ್ತದೆ. ಪ್ರೀತಿ ದಿನವೂ ಹೊಸ ವಾಕ್ಯ ಹುಡುಕುವುದಿಲ್ಲ. ಸವೆದ ವಾಕ್ಯದೊಳಗೆ ದಿನವೂ ಬಂದು ಕೂರುತ್ತದೆ. ಅದೇ ಮಾತನ್ನು ಅಂಗಡಿಯವನು ಗಿರಾಕಿಗೆ ಬಾಯುಪಚಾರಕ್ಕೆ ಕೇಳಬಹುದು. ವ್ಯತ್ಯಾಸ ಪದದಲ್ಲಿಲ್ಲ, ಪದ ಹೊಸದೋ ಹಳೆಯದೋ ಎಂಬುದರಲ್ಲೂ ಇಲ್ಲ.

ಹಾಗೆ ನೋಡಿದರೆ ಸ್ವತಂತ್ರ ಪ್ರಾರ್ಥನೆ ಎಂದು ನಾವು ಕರೆಯುವುದೂ ಬೇಗನೆ ತನ್ನದೇ ಅಚ್ಚಿಗೆ ಬೀಳುತ್ತದೆ. ಯಾವ ಮನೆ ಪ್ರಾರ್ಥನೆಗೆ ಹೋದರೂ ಕೃಪೆಯುಳ್ಳ ತಂದೆಯೇ ಎಂದು ಶುರುವಾಗಿ, ಈ ದಿನವನ್ನು ಕಾಣಿಸಿದ್ದಕ್ಕಾಗಿ ಸ್ತೋತ್ರ ಸಲ್ಲಿಸಿ, ಅದೇ ನಾಲ್ಕು ತಿರುವುಗಳಲ್ಲಿ ಹೋಗಿ ಆಮೆನ್ ಮುಟ್ಟುತ್ತದೆ. ಅದರಲ್ಲಿ ನಾನು ತಪ್ಪು ಕಾಣುವುದಿಲ್ಲ; ಸಭೆಯ ಹಿರಿಯರಿಂದ ಕಿರಿಯರು ಕಿವಿಯ ಮೂಲಕ ಕಲಿತ ಮಾತು ಅದು, ಅದೂ ಒಂದು ಪರಂಪರೆ. ಆದರೆ ಅದು ಪರಂಪರೆ ಎಂದು ಒಪ್ಪಿಕೊಂಡ ಮೇಲೆ ಯಾವ ಪರಂಪರೆ ಹೆಚ್ಚು ಅಗಲವಾದದ್ದು ಎಂದು ಕೇಳಬೇಕಾಗುತ್ತದೆ. ಕೀರ್ತನೆಗಳ ಪುಸ್ತಕದಲ್ಲಿ ನೂರೈವತ್ತು ಕೀರ್ತನೆಗಳಿವೆ. ಆರನೆಯ ಶತಮಾನದ ಸಂತ ಬೆನೆಡಿಕ್ಟನ ನಿಯಮದಂತೆ ಮಠವಾಸಿಗಳು ವಾರಕ್ಕೊಮ್ಮೆ ಅಷ್ಟನ್ನೂ ಹೇಳಿ ಮುಗಿಸಬೇಕು. ಅವುಗಳಲ್ಲಿ ಮೂರನೆಯ ಒಂದು ಪಾಲಿಗೂ ಮಿಕ್ಕಿ ಗೋಳು, ದೂರು, ನ್ಯಾಯಕ್ಕಾಗಿ ಕೂಗು. ಎಂಬತ್ತೆಂಟನೆಯದು ಒಂದು ಸಮಾಧಾನದ ಸಾಲೂ ಇಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ. ಮನಸ್ಸಿಗೆ ಬಂದಂತೆ ಪ್ರಾರ್ಥಿಸುವ ಕೂಟದಲ್ಲಿ ಯಾರಾದರೂ ಎದ್ದು ನಿಂತು ಹಾಗೆ ಪ್ರಾರ್ಥಿಸಿ ಕುಳಿತದ್ದನ್ನು ನಾನು ಕೇಳಿಲ್ಲ. ಅದಕ್ಕೆ ಧೈರ್ಯ ಸಾಲದು. ನಂಬಿಕೆ ಕಮ್ಮಿಯಾಯಿತೆಂದು ಪಕ್ಕದವರು ತಿಳಿದಾರು ಎಂಬ ಅಂಜಿಕೆ ಇರುತ್ತದೆ. ಕೊಟ್ಟ ಪದ ಆ ಅನುಮತಿಯನ್ನು ಕೊಡುತ್ತದೆ. ನನ್ನೊಳಗೆ ಇತ್ತೆಂದು ನನಗೇ ಗೊತ್ತಿರದ ದುಃಖಕ್ಕೆ ಅದು ಬಾಯಿ ಕೊಡುತ್ತದೆ. ನನಗೆ ಇಂದು ದುಃಖವಿಲ್ಲದಿದ್ದರೆ, ಇರುವವನ ಪಕ್ಕದಲ್ಲಿ ನನ್ನನ್ನು ಕೂರಿಸುತ್ತದೆ.

ಈ ಕೊನೆಯ ಮಾತು ಮೂರನೆಯ ಗೊಂದಲಕ್ಕೆ ದಾರಿ. ವೈಯಕ್ತಿಕ ಎಂದರೆ ಖಾಸಗಿ ಎಂದು ತಿಳಿದಿದ್ದೇವೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ 'ನನ್ನ' ಎಂಬ ಪದವೇ ಇಲ್ಲ. ತಂದೆಯೂ ನಮ್ಮವನು, ರೊಟ್ಟಿಯೂ ನಮ್ಮದು, ಸಾಲವೂ ನಮ್ಮದು. ಅಷ್ಟಾದರೂ ಅದಕ್ಕಿಂತ ವೈಯಕ್ತಿಕವಾದ ಪ್ರಾರ್ಥನೆ ಇಲ್ಲ, ಏಕೆಂದರೆ ಅದು ಒಬ್ಬನನ್ನು ಮುಖಾಮುಖಿ ಕರೆಯುತ್ತದೆ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ತಲೆಮಾರುಗಳಿಂದ ಓದಿಕೊಂಡು ಬಂದ ಕನ್ನಡ ಸತ್ಯವೇದ ಆ ತಂದೆಯನ್ನು 'ನೀನು' ಎಂದೇ ಸಂಬೋಧಿಸುತ್ತದೆ. ಹೆತ್ತ ತಂದೆಗೆ 'ನೀವು' ಎನ್ನುವ ಮನೆಗಳವರೂ ದೇವರ ಮುಂದೆ ಏಕವಚನಕ್ಕೆ ಇಳಿಯುತ್ತಾರೆ. ಆ ಸಲುಗೆ ಅವರು ತಾವಾಗಿ ತೆಗೆದುಕೊಂಡದ್ದಲ್ಲ. ಬರೆದಿಟ್ಟ ಪ್ರಾರ್ಥನೆಯೇ ಅವರ ಕೈಗಿಟ್ಟದ್ದು.

ಖಾಸಗಿತನದ ನಿಜವಾದ ಅಪಾಯ ಬೇರೆ. ಒಬ್ಬನೇ ಕೂತು, ನನ್ನ ಮಾತು ನಾನೇ ಆಡಿ, ಉತ್ತರವನ್ನೂ ನನ್ನ ಮನಸ್ಸಿನಲ್ಲೇ ಕೇಳಿಸಿಕೊಂಡರೆ ಎದುರಿಗಿರುವವನು ದೇವರೋ ಕನ್ನಡಿಯೋ ಎಂದು ಹೇಗೆ ತಿಳಿಯುವುದು? ದೇವರು ನನಗೆ ಹೇಳಿದರು ಎಂದು ಆರಂಭವಾಗುವ ಸಾಕ್ಷಿಗಳಲ್ಲಿ ದೇವರು ಎಷ್ಟೋ ಸಲ ಹೇಳುವವರ ಮನಸ್ಸಿನಲ್ಲಿ ಮೊದಲೇ ಇದ್ದುದನ್ನೇ ಹೇಳಿರುತ್ತಾರೆ. ಸಂಬಂಧ ಎನ್ನಬೇಕಾದರೆ ಎದುರಿನವನಿಗೆ ಇಲ್ಲ ಎನ್ನುವ ಅವಕಾಶ ಇರಬೇಕು. ಇಂದು ನಾನು ಆರಿಸದ ವಾಕ್ಯಭಾಗ, ನನಗೆ ಇಷ್ಟವಿಲ್ಲದ ಕೀರ್ತನೆ, ನನ್ನ ಪಕ್ಕದಲ್ಲಿ ನಾನು ಕ್ಷಮಿಸದೆ ಬಿಟ್ಟ ಮನುಷ್ಯನೊಂದಿಗೆ ಹಂಚಿಕೊಳ್ಳಬೇಕಾದ ರೊಟ್ಟಿ, ಇವು ಆ 'ಇಲ್ಲ'ವನ್ನು ಕೇಳಿಸುವ ಬಾಗಿಲುಗಳು. ಲೊಯೋಲದ ಸಂತ ಇಗ್ನೇಷಿಯಸ್ 1548ರಲ್ಲಿ ಅಚ್ಚಾದ ತನ್ನ 'ಆತ್ಮಿಕ ಸಾಧನೆಗಳು' ಎಂಬ ಪುಸ್ತಕದಲ್ಲಿ ಇದನ್ನು ಬಹಳ ವ್ಯಾವಹಾರಿಕವಾಗಿ ಹೇಳಿದ್ದಾನೆ. ಮನಸ್ಸು ಒಣಗಿದ ಹೊತ್ತಿನಲ್ಲಿ ಹಿಂದಿನ ನಿರ್ಧಾರ ಬದಲಿಸಬೇಡ. ಗಂಟೆ ಮುಗಿಯುವ ಮೊದಲೇ ಏಳಬೇಕೆನಿಸಿದರೆ ಗಂಟೆಗಿಂತ ಸ್ವಲ್ಪ ಹೆಚ್ಚೇ ಕೂರು. ಇದು ಭಾವವನ್ನು ತುಳಿಯುವ ಸಲಹೆ ಅಲ್ಲ. ಬರುವ ಹೋಗುವ ಭಾವಗಳನ್ನು ಓದಬೇಕಾದರೆ ಅಲುಗಾಡದ ಒಂದು ಗೆರೆ ಬೇಕು ಎಂಬ ತಿಳಿವಳಿಕೆ.

ಸಹೋದರ ಲಾರೆನ್ಸ್ ಇದಕ್ಕೆಲ್ಲ ಉತ್ತರವಲ್ಲವೇ ಎಂದು ಕೇಳುವವರಿದ್ದಾರೆ. ಸೈನಿಕನಾಗಿದ್ದು ಗಾಯಗೊಂಡು, ಪ್ಯಾರಿಸ್ಸಿನ ಕಾರ್ಮೆಲ್ ಮಠ ಸೇರಿ, ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದು, 1691ರಲ್ಲಿ ತೀರಿಕೊಂಡ ಈತ ಪಾತ್ರೆಗಳ ಸದ್ದಿನ ನಡುವೆಯೂ ದೇವರ ಸನ್ನಿಧಿಯಲ್ಲಿದ್ದವನು. ಧ್ಯಾನದ ವಿಧಾನಗಳು ತನಗೆ ಹಿಡಿಸಲಿಲ್ಲ, ಬಿಟ್ಟೆ ಎಂದು ತಾನೇ ಹೇಳಿಕೊಂಡವನು. ಅದನ್ನು ಮರೆಮಾಚುವುದು ನನಗೆ ಬೇಕಿಲ್ಲ. ಆದರೆ ಅದೇ ಉಸಿರಿನಲ್ಲಿ, ಮಠ ತನಗೆ ವಿಧಿಸಿದ ಪ್ರಾರ್ಥನೆಗಳನ್ನು ಬಿಡಲಿಲ್ಲ ಎಂದೂ ಹೇಳಿದ. ಮೊದಲ ಹತ್ತು ವರ್ಷ ಬಹಳ ನರಳಿದೆ ಎಂದೂ ಹೇಳಿದ. ಮನಸ್ಸು ಅಲೆದಾಗಲೆಲ್ಲ ಗದರಿಸದೆ ಹಿಂದಕ್ಕೆ ಕರೆತರುವುದನ್ನು ಅವನು ದಿನಕ್ಕೆ ಎಷ್ಟೋ ಸಲ ಮಾಡಿದ, ಅದೇ ಮುಂದೆ ಅಭ್ಯಾಸವಾಯಿತು. ಪ್ರಾರ್ಥನೆಯ ಹೊತ್ತಿಗೂ ಕೆಲಸದ ಹೊತ್ತಿಗೂ ಭೇದವಿಲ್ಲ ಎಂದು ಅವನು ಹೇಳಿದ್ದು ದಿನದ ಹೊತ್ತುಗಳನ್ನು ಗಂಟೆ ಬಾರಿಸಿ ವಿಭಾಗಿಸಿದ ಮನೆಯೊಳಗೆ ನಿಂತು. ಯಾವ ಗಂಟೆಯೂ ಇಲ್ಲದ ಮನೆಯಲ್ಲಿ ಕೂತು ಆ ಮಾತನ್ನಷ್ಟೇ ಎತ್ತಿಕೊಂಡರೆ ಎರಡು ಹೊತ್ತೂ ಸಮವಾಗಿ ಖಾಲಿ ಬೀಳಬಹುದು.

ಭಾವವನ್ನೇ ಕೇಳುವ ನಿಲುವು ಬಿಡುಗಡೆಯ ಮಾತಾಡುತ್ತ ಹೊರೆ ಹೊರಿಸುತ್ತದೆ ಎಂಬುದನ್ನು ನಾನು ತುಸು ಒತ್ತಿ ಹೇಳಬೇಕು. ಪ್ರತಿ ಬೆಳಿಗ್ಗೆ ಮೌನದಲ್ಲಿ ಅರ್ಧಗಂಟೆ ಕೂತು, ಹೊಸ ಮಾತು ಹುಡುಕಿ, ಹೊಸ ಸ್ಪರ್ಶ ಪಡೆಯಬೇಕೆಂದರೆ ಅದಕ್ಕೆ ಬಾಗಿಲು ಮುಚ್ಚಬಹುದಾದ ಒಂದು ಕೋಣೆ ಬೇಕು, ಬಿಡುವು ಬೇಕು, ದಣಿಯದ ಮೈ ಬೇಕು. ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್, ಒಂದೇ ಕೋಣೆಯ ಮನೆಯಲ್ಲಿ ಎದ್ದ ಕೂಡಲೇ ನೀರಿಗೆ ಸರತಿ ನಿಲ್ಲಬೇಕಾದ ಹೆಂಗಸು, ಖಿನ್ನತೆಯ ಮಾತ್ರೆ ನುಂಗುತ್ತಿರುವ ಹುಡುಗ, ಇವರಿಗೆ ಅದು ಎಟುಕುವುದಿಲ್ಲ. ಎಟುಕದಾಗ ಕೋಣೆಯ ಕೊರತೆ, ನಿದ್ದೆಯ ಕೊರತೆ ಎಂದು ಅವರು ತಿಳಿಯುವುದಿಲ್ಲ. ನನ್ನ ನಂಬಿಕೆಯಲ್ಲೇ ದೋಷವಿದೆ ಎಂದು ತಿಳಿಯುತ್ತಾರೆ. ಕಂಠಪಾಠದ ಒಂದು ಪ್ರಾರ್ಥನೆ ಬಸ್ಸಿನಲ್ಲಿ ನಿಂತೂ ಆಗುತ್ತದೆ. ನೆನಪು ಅಳಿದುಹೋದ ವೃದ್ಧರು ಮಕ್ಕಳ ಹೆಸರು ಮರೆತ ಮೇಲೂ, ಯಾರಾದರೂ ಶುರುಮಾಡಿದರೆ, ಕರ್ತನ ಪ್ರಾರ್ಥನೆಯನ್ನು ಕೊನೆಯವರೆಗೆ ಹೇಳುವುದುಂಟು. ಮಂಗಳೂರಿನ ಕಥೋಲಿಕ ಮನೆಗಳಲ್ಲಿ ಸಂಜೆಯ ತೇರ್ಸ್ ಎಂಬ ಜಪಸರಕ್ಕೆ ಕೂತ ಅಜ್ಜಿಯರು ಅದನ್ನು ಭಾವದ ಪ್ರದರ್ಶನಕ್ಕೆಂದು ಮಾಡಿದವರಲ್ಲ. ಆ ಹೊತ್ತಿಗೆ ನಿದ್ದೆ ಹೋದ ಮೊಮ್ಮಗು ದೊಡ್ಡವನಾಗಿ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಾಗ ಬೇರೆ ಯಾವ ಮಾತೂ ಬಾರದೆ ಅವೇ ಪದಗಳು ಬಾಯಿಗೆ ಬರುತ್ತವೆ.

ಕೊನೆಗೆ ಉಳಿಯುವುದು ಎಲ್ಲಕ್ಕಿಂತ ಭಾರವಾದ ಆಕ್ಷೇಪ, ಏಕೆಂದರೆ ಅದು ಯೇಸುವಿನ ಬಾಯಿಂದಲೇ ಬಂದದ್ದು. ಮತ್ತಾಯನ ಆರನೆಯ ಅಧ್ಯಾಯದಲ್ಲಿ, ಪ್ರಾರ್ಥಿಸುವಾಗ ಅರ್ಥವಿಲ್ಲದ ಮಾತುಗಳನ್ನು ಸುಮ್ಮನೆ ಪೇರಿಸಬೇಡಿ ಎಂದು ಅವನು ಎಚ್ಚರಿಸುತ್ತಾನೆ. ಹಾಗಿದ್ದ ಮೇಲೆ ಪುನರಾವರ್ತನೆಗೆ ಜಾಗವೆಲ್ಲಿ? ಆದರೆ ಅವನು ಕೊಟ್ಟ ಕಾರಣವನ್ನು ಓದಬೇಕು: ಮಾತು ಹೆಚ್ಚಾದಷ್ಟೂ ದೇವರು ಕೇಳುತ್ತಾನೆಂದು ಅನ್ಯರು ಎಣಿಸುತ್ತಾರೆ. ಅವನು ತಿದ್ದುವುದು ಮಾತಿನ ಬಲದಿಂದ ದೇವರನ್ನು ಬಗ್ಗಿಸಬಹುದೆಂಬ ಎಣಿಕೆಯನ್ನು. ಆ ಎಣಿಕೆ ಜಪಸರದಲ್ಲಿ ಇರಬಹುದಾದಂತೆ ರಾತ್ರಿಯಿಡೀ ಕೂಗಿ ಮಾಡುವ ಸ್ವತಂತ್ರ ಪ್ರಾರ್ಥನೆಯಲ್ಲೂ ಇರಬಹುದು. ಎಚ್ಚರಿಕೆಯ ಬೆನ್ನಿಗೇ, ಎರಡು ವಚನ ದಾಟುವುದರೊಳಗೆ, ಅವನು ಒಂದು ಸಿದ್ಧ ಪ್ರಾರ್ಥನೆಯನ್ನು ಕೊಡುತ್ತಾನೆ. ಅದನ್ನು ದಿನಕ್ಕೆ ಮೂರು ಸಲ ಹೇಳಬೇಕೆಂದು ಆದಿಸಭೆಯ ಡಿಡಾಖೆ ಎಂಬ ಕಿರುಗ್ರಂಥ ವಿಧಿಸುತ್ತದೆ. ಅವನ ಸ್ವಂತ ನಡೆಯೂ ಹಾಗೆಯೇ. ಸಬ್ಬತ್ತಿನ ದಿನ ಸಭಾಮಂದಿರಕ್ಕೆ ಹೋಗುವುದು ಅವನ ವಾಡಿಕೆಯಾಗಿತ್ತು ಎಂದು ಲೂಕ ಬರೆಯುತ್ತಾನೆ. ಕಡೆಯ ಭೋಜನ ಮುಗಿದ ಮೇಲೆ ಶಿಷ್ಯರೊಂದಿಗೆ ಕೀರ್ತನೆ ಹಾಡಿ ಎದ್ದ. ಶಿಲುಬೆಯ ಮೇಲೆ ಉಸಿರು ಸಿಕ್ಕಿಕೊಂಡಾಗ ಅವನು ಕೂಗಿದ್ದು ಇಪ್ಪತ್ತೆರಡನೆಯ ಕೀರ್ತನೆಯ ಮೊದಲ ಮಾತು, ಬಾಲ್ಯದಿಂದ ಕಿವಿಗೆ ಬಿದ್ದ ಮಾತು. ಅದಕ್ಕೂ ಹಿಂದಿನ ರಾತ್ರಿ ಗೆತ್ಸೇಮನೆಯಲ್ಲಿ ತನ್ನ ಮನದಾಳದ ಪ್ರಾರ್ಥನೆ ಮಾಡಿದಾಗ, ಅದು ಯಾವ ಪುಸ್ತಕದ್ದೂ ಆಗಿರದೆ ಅವನದೇ ಆಗಿದ್ದಾಗ, ಮತ್ತಾಯ ಒಂದು ಸಣ್ಣ ಸಂಗತಿಯನ್ನು ಬಿಡದೆ ಬರೆದಿಟ್ಟಿದ್ದಾನೆ. ಯೇಸು ಬಂದು ನೋಡಿದಾಗ ಶಿಷ್ಯರು ನಿದ್ದೆ ಹೋಗಿದ್ದರು. ಅವನು ಅವರನ್ನು ಬಿಟ್ಟು ಮತ್ತೆ ಅತ್ತ ಹೋಗಿ, ಮೂರನೆಯ ಸಲವೂ ಅದೇ ಮಾತುಗಳನ್ನು ಹೇಳಿ ಪ್ರಾರ್ಥಿಸಿದ.